ಎಮೋಸಿಯ ಬೆಚ್ಚನೆಯ ತಂತಿಗಳು

“ಭಾವಾ, ನೀನು ಗಿಟಾರು ನುಡಿಸ್ತಿದ್ದೀಯೋ, ಇಲ್ಲಾ ತಗಡಿನ ಮಾಡಿನ ಮೇಲೆ ಮೇಕೆ ಅಟ್ತಿದ್ದೀಯೋ?”

ಪೆನಾಯಾ ಎಮೋಸಿಗೆ ಈ ಪ್ರಶ್ನೆ ಎಸೆದದ್ದು ಹಾಡಿನ ನಟ್ಟನಡುವೆ. ವಾಯ್‌ಲೆವು ಎಂಬ ದ್ವೀಪದೂರಿನ ಗಂಡಸರೆಲ್ಲ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಮರದ ದೊಡ್ಡ ಬೋಗುಣಿಯ ಸುತ್ತ, ಬೇರು ಅರೆದು ನೀರಲ್ಲಿ ಕದಡಿದ ಯಂಗೋನ ಕುಡಿಯುತ್ತ ಕೂತಿದ್ದ ಸಂಜೆ ಅದು. ಪೆನಾಯಾ ಎಮೋಸಿಯ ಹೆಂಡತಿ ಉನೈಸಿಯ ಅಣ್ಣ, ಊರಿನ ಹಾಡುಗಾರರ ತಂಡದ ಯಜಮಾನ. ಭಾವಂದಿರು ಎಂದ ಮೇಲೆ ಒಬ್ಬರನ್ನೊಬ್ಬರು ಹಂಗಿಸಲೇಬೇಕು. ಹಂಗಿಸದೆ ಸುಮ್ಮನಿದ್ದರೆ ಇವರಿಬ್ಬರಿಗೂ ಏನೋ ಮನಸ್ತಾಪವಾಗಿದೆಯೆಂದು ಊರಿನ ಹಿರಿಯರು ರಾಜಿ ಮಾಡಿಸಲು ಹೊರಟುಬಿಡುತ್ತಾರೆ. ಹಂಗಿಸಿದ್ದಕ್ಕೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಅದಕ್ಕಿಂತ ದೊಡ್ಡದೊಂದನ್ನು ತಿರುಗಿ ಎಸೆಯಬೇಕು. ಈ ತಿರುಗಿ ಎಸೆಯುವ ವಿಭಾಗದಲ್ಲಿ ಎಮೋಸಿ ಯಾವಾಗಲೂ ಹಿಂದೆ. ತಕ್ಕ ಉತ್ತರ ಅವನಿಗೆ ಹೊಳೆಯುತ್ತಿದ್ದುದು ಮನೆಗೆ ಬಂದು ಕಾಲು ತೊಳೆದುಕೊಳ್ಳುವಾಗ.

ಆ ಸಂಜೆ ಮಾತ್ರ, ಅವನ ಗ್ರಹಚಾರಕ್ಕೆ, ತಕ್ಷಣ ಹೊಳೆಯಿತು.

“ಈಗಿರೋ ತಂತಿ ಬರೀ ತಾತ್ಕಾಲಿಕ, ಭಾವ. ನನ್ನ ನಿಜವಾದ ತಂತಿ ನ್ಯೂಜಿಲೆಂಡಿಂದ ಹೊರಟಿದೆ. ಬೆಚ್ಚನೆಯ ನಾದದ್ದು, ತುಂಬು ನಾದದ್ದು. ಅದೊಂದು ಬಂದ್ಬಿಟ್ರೆ ನಿನ್ನ ದನಿ ಯಾರಿಗೂ ಕೇಳ್ಸಲ್ಲ. ಊರಿಗೇ ನೆಮ್ಮದಿ.”

ಗಂಡಸರು ಚಾಪೆ ಬಡಿದು ನಕ್ಕರು. ಮದುವೆಯಾದ ಲಾಗಾಯ್ತು ನಗು ಎಮೋಸಿಯ ಕಡೆಗೆ ಬಿದ್ದಿದ್ದು ಅದೇ ಮೊದಲು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಆದರೆ ನಗುವಿನ ರುಚಿ ಹತ್ತಿದ ಮನುಷ್ಯ ನಿಲ್ಲಿಸುವುದುಂಟೇ? ಆ ತಂತಿಯನ್ನು ದೊಡ್ಡ ಹೋಟೆಲುಗಳಲ್ಲಿ ನುಡಿಸುವವರು ಮಾತ್ರ ಬಳಸುತ್ತಾರೆಂದ. ಅದರ ನಾದಕ್ಕೆ ಅಳುವ ಮಗು ನಿದ್ದೆ ಹೋಗುತ್ತದೆ, ನಿದ್ದೆ ಹೋದ ಪಾದ್ರಿ ಎದ್ದು ಕೂರುತ್ತಾರೆ ಎಂದ. ಇಂಥ ತಂತಿ ಲೋಕದಲ್ಲಿ ಇದೆಯೆಂದು ಅವನಿಗೂ ಗೊತ್ತಾದದ್ದು ಆಗಲೇ.

ಪೆನಾಯಾ ಒಂದಕ್ಷರವನ್ನೂ ನಂಬಲಿಲ್ಲ. ನಂಬದಿದ್ದುದರಿಂದಲೇ ಬೆಳಗಾಗುತ್ತಲೂ ಎದ್ದು ಮನೆಮನೆಗೂ ಹೋಗಿ ಆ ಸುದ್ದಿ ಹಂಚಿದ. ಭಾವನ ಸುಳ್ಳನ್ನು ಊರ ನಡುವೆ ತೂಗುಹಾಕುವುದು ಭಾವನಾದವನ ಕರ್ತವ್ಯ, ಮತ್ತು ಪೆನಾಯಾ ಕರ್ತವ್ಯದಲ್ಲಿ ಎಂದೂ ಹಿಂದೆ ಬಿದ್ದವನಲ್ಲ.

ಸುದ್ದಿ ಊರಿನ ಮುಖಂಡ ಅಪೊರೋಸನ ಕಿವಿಗೆ ಬಿತ್ತು. ಅಪೊರೋಸನಿಗೆ ತಮಾಷೆ ಎಂಬುದೊಂದಿದೆ ಎಂದು ಯಾರೋ ಹೇಳಿದ್ದರು, ಸ್ವತಃ ಕಂಡವನಲ್ಲ. ಅವನು ಮರದ ನಗಾರಿ ಬಡಿಸಿ ಸಭೆ ಕರೆದ.

“ನವಾಟುಲೋವಾದವರು ನಮ್ಮ ಹೊಸ ಸಭಾಮಂದಿರದ ಪ್ರಾರಂಭಕ್ಕೆ ಬರ್ತಿದ್ದಾರೆ. ಅವರೂ ನಾವೂ ಒಂದೇ ಮೂಲದವರು. ಬಂದವರು ನಮ್ಮನ್ನ ಬಯ್ತಾರೆ, ಕಣ್ಣಿಗೆ ಬಿದ್ದಿದ್ದನ್ನ ಹೊತ್ಕೊಂಡು ಹೋಗ್ತಾರೆ. ಅದು ಅವರ ಹಕ್ಕು. ಹೋದ ಸಲ ನಾವು ಅವರ ಹಂದಿ, ಚಾಪೆ, ಹೊಲಿಗೆ ಮಿಷನ್ನು ತಂದಿದ್ದೀವಿ. ಆದ್ದರಿಂದ ಹಂದಿಗಳನ್ನ ಕಾಡಲ್ಲಿ ಕಟ್ಟಿ ಬನ್ನಿ. ಹುಲ್ಲು ಕತ್ತರಿಸಿ. ಹಾಡಿನ ವಿಷಯದಲ್ಲಿ ಮಾತ್ರ ಅವರು ಬಾಯಿ ತೆಗೀಬಾರ್ದು. ದೇವರ ದಯೆ, ನಮ್ಮ ಎಮೋಸಿ ನ್ಯೂಜಿಲೆಂಡಿಂದ ವಿಶೇಷ ತಂತಿ ತರಿಸ್ತಿದ್ದಾನೆ.”

ಎಲ್ಲರೂ ಎಮೋಸಿಯತ್ತ ತಿರುಗಿದರು. ಎಮೋಸಿಯೂ ಹಿಂದಕ್ಕೆ ತಿರುಗಿ ನೋಡಿದ, ಬೇರೆ ಯಾವನಾದರೂ ಎಮೋಸಿ ಇದ್ದಾನೇನೋ ಎಂದು.

“ಆ ನಾದ ಬರದೇ ಇದ್ರೆ,” ಅಪೊರೋಸ ಮುಂದುವರಿಸಿದ, “ನನ್ನ ತಂಗಿ ಮಗ ಸೇತರೇಕಿ ಬೋಗುಣಿ ಪಕ್ಕ ಕೂತ್ಕೋತಾನೆ. ಅವನ ಹತ್ರ ಕರೀ ಗಿಟಾರಿದೆ. ಮುಖ ನೋಡ್ಕೋಬಹುದು, ಅಷ್ಟು ಹೊಳೆಯುತ್ತೆ.”

ಎಮೋಸಿ ಕೂತಿದ್ದ ಚಾಪೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಏಕೆಂದರೆ ಬೋಗುಣಿಯ ಪಕ್ಕದ ಆ ಒಂದು ಚಾಪೆ ಬಿಟ್ಟರೆ ಊರಿನಲ್ಲಿ ಅವನಿಗೆಂದು ಬೇರೆ ಜಾಗವಿರಲಿಲ್ಲ. ಅವನು ನೆಟ್ಟ ಮರಗೆಣಸನ್ನು ಅವನಿಗಿಂತ ಮೊದಲು ಹಂದಿಗಳು ಕೊಯ್ಲು ಮಾಡುತ್ತಿದ್ದವು. ಮೀನಿಗೆ ಹೋದರೆ ದೋಣಿ ಹೋದ ಹಾಗೇ ಹಗುರವಾಗಿ ಬರುತ್ತಿತ್ತು. ರಗ್ಬಿ ಆಟದಲ್ಲಿ ಅವನ ಪಾತ್ರ ನೀರಿನ ಬಾಟಲಿ ಹಿಡಿದು ಗೆರೆಯಾಚೆ ನಿಲ್ಲುವುದು. ಒಮ್ಮೆ ಚರ್ಚಿನಲ್ಲಿ ಪ್ರಾರ್ಥನೆ ಮಾಡಲು ಎದ್ದು ನಿಂತು, ‘ಸ್ವರ್ಗದಲ್ಲಿರುವ’ ಎಂದು ಶುರುಮಾಡಿ, ಸ್ವರ್ಗದಲ್ಲಿ ಯಾರಿದ್ದಾರೆಂಬುದು ಮರೆತುಹೋಗಿ ಕೂತಿದ್ದ. ಊರಿನ ಅಂಚೆ ಕಿಟಕಿ ಅವನ ಮನೆಯಲ್ಲೇ ಇತ್ತು ನಿಜ. ಆದರೆ ವಾರಕ್ಕೊಮ್ಮೆ ದೋಣಿ ಬಂದಾಗ ಬಿಟ್ಟರೆ ಆ ಕಿಟಕಿಯಲ್ಲಿ ಕೂತವನನ್ನು ಜನ ಕಿಟಕಿಯ ಭಾಗವೆಂದೇ ತಿಳಿದಿದ್ದರು. “ದೇವರು ನನ್ನ ಮಾಡುವಾಗ ಯಾರೋ ಬಾಗಿಲು ತಟ್ಟಿರಬೇಕು,” ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಗಿಟಾರು ತೊಡೆಯ ಮೇಲಿದ್ದಾಗ ಮಾತ್ರ ಜನ ಅವನಿಗೆ ಜಾಗ ಬಿಡುತ್ತಿದ್ದರು, ಅವನ ಸರದಿ ಬಂದಾಗ ಕುಡಿಯುವ ಚಿಪ್ಪು ಅವನ ಮುಂದೆ ನಿಲ್ಲುತ್ತಿತ್ತು.

“ತಂತಿ ಎಲ್ಲಿವರೆಗೆ ಬಂದಿದೆ?” ಅಪೊರೋಸ ಕೇಳಿದ.

“ಸುವಾದಲ್ಲಿ… ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ.”

“ಸರಕಾರದೋರಿಗೂ ಇಂಥ ತಂತಿ ಬೇಕಾಗಿರುತ್ತೆ,” ಅಪೊರೋಸ ಗಂಭೀರವಾಗಿ ತಲೆಯಾಡಿಸಿದ. “ನೀನೇ ಹೋಗಿ ಬಿಡಿಸ್ಕೊಂಡು ಬಾ.”

ಭಾನುವಾರ ಪಾದ್ರಿಗಳು ಸಮುದ್ರದಲ್ಲಿರುವವರಿಗಾಗಿ, ಆಸ್ಪತ್ರೆಯಲ್ಲಿರುವವರಿಗಾಗಿ, ಕಸ್ಟಮ್ಸ್‌ನಲ್ಲಿರುವ ಆರು ತಂತಿಗಳಿಗಾಗಿ ಪ್ರಾರ್ಥಿಸಿದರು. ಪೆನಾಯಾ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದ.

ಸುವಾ ಪೇಟೆಯಲ್ಲಿ ಜಮನಾದಾಸ್ ಭಾಯಿಯ ಅಂಗಡಿಯಲ್ಲಿ ಶಾಲೆಯ ಬೂಟು, ಸೀರೆ, ಕುಕ್ಕರು, ಮೀನಿನ ಬಲೆ ಎಲ್ಲ ಸಿಗುತ್ತಿತ್ತು. ಒಂದು ಗೋಡೆಯ ತುಂಬ ಗಿಟಾರುಗಳು ನೇತಾಡುತ್ತಿದ್ದವು. ಎಮೋಸಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೊಂಟಕ್ಕೆ ಪಂಚೆಯಂತೆ ಸುತ್ತಿದ್ದ ಇಸ್ತ್ರಿ ಮಾಡಿದ ಸುಲು ಸರಿಮಾಡಿಕೊಂಡು, ಸಾಲಿನಲ್ಲಿ ನಿಂತ.

“ಹೇಳಿ ಭಾಯಿ.”

“ಗಿಟಾರಿನ ತಂತಿ.”

“ಎಂಥದ್ದು?”

ತಂತಿಯಲ್ಲಿ ಎಂಥದ್ದು ಎಂಬ ಪ್ರಶ್ನೆ ಇದೆಯೆಂದೇ ಎಮೋಸಿಗೆ ಗೊತ್ತಿರಲಿಲ್ಲ. ಊರಿನ ಸಹಕಾರಿ ಅಂಗಡಿಯಲ್ಲಿ ಮೀನಿನ ಗಾಳದ ಪಕ್ಕ ಯಾವುದು ತೂಗಾಡುತ್ತಿತ್ತೋ ಅದೇ ತಂತಿ.

“ಬೆಚ್ಚನೆಯ ನಾದದ್ದು,” ಎಂದ ಮೆಲ್ಲಗೆ. “ತುಂಬಿರಬೇಕು.”

ಜಮನಾದಾಸ್ ಭಾಯಿ ಇಸ್ಪೀಟು ಹಂಚುವ ಹಾಗೆ ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿದ. “ಇದು ಹಳದಿ ಕಂಚು. ಗಲಗಲ ಅನ್ನುತ್ತೆ, ಮದುವೆ ಮನೆ ಹೆಂಗಸರ ಥರ. ಇದು ಕೆಂಚಗಿರೋದು, ರಂಜಕ ಸೇರಿಸಿದ ಕಂಚು. ಸ್ವಲ್ಪ ಗಾಂಭೀರ್ಯ, ಸಾಲ ತೀರಿಸಿದ ಯಜಮಾನನ ಥರ. ಇದು ಉಕ್ಕಿನ ಜತೆ ರೇಷ್ಮೆ, ಮೆತ್ತಗೆ, ಬಾಣಂತಿ ಪಿಸುಗುಟ್ಟಿದ ಹಾಗೆ. ಇದು ನೈಲಾನು, ಕಬ್ಬಿಣದ ತಂತಿ ಗಿಟಾರಿಗೆ ಕೂರೋದಿಲ್ಲ, ಕೇಳಲೇಬೇಡಿ.”

“ನಾನು ಕೇಳಲಿಲ್ಲ.”

“ಕೇಳ್ತಿದ್ರಿ. ದಪ್ಪ ಎಷ್ಟಿರಲಿ? ತೆಳು ತಂತಿ ಬೆರಳಿಗೆ ಸುಖ. ದಪ್ಪ ತಂತಿ ಕಿವಿಗೆ ಸುಖ. ಆದ್ರೆ ಗಿಟಾರು ಹಳೇದಾದ್ರೆ ಎಳೆದೂ ಎಳೆದೂ ಹೊಟ್ಟೆ ಉಬ್ಬಿಸುತ್ತೆ. ನಿಮಗೆ ಯಾವ ಸುಖ ಬೇಕು?”

“ನಮ್ಮ ಭಾವನ ಬಾಯಿ ಮುಚ್ಚಿಸೋ ಸುಖ.”

ಜಮನಾದಾಸ್ ಭಾಯಿ ಕನ್ನಡಕ ತೆಗೆದು ಅವನನ್ನು ಮೊದಲ ಬಾರಿಗೆ ಪ್ರೀತಿಯಿಂದ ನೋಡಿದ. “ಅದಕ್ಕೆ ತಂತಿ ಸಾಲದು ಭಾಯಿ. ನನ್ನ ಹೆಂಡ್ತಿಗೂ ಅಣ್ಣ ಇದ್ದಾನೆ.”

ಆಮೇಲೆ ಗೋಡೆಯಿಂದ ಒಂದೊಂದೇ ಗಿಟಾರು ಇಳಿಸಿ, ಒಂದೊಂದಕ್ಕೂ ಒಂದೊಂದು ಬಗೆಯ ತಂತಿ ಕಟ್ಟಿದೆಯೆಂದು ಹೇಳಿ, ನುಡಿಸಿ ನೋಡಲು ಕೊಟ್ಟ. ಅಷ್ಟು ಜನರ ಮುಂದೆ ನುಡಿಸುವುದಾದರೂ ಹೇಗೆ? ಎಮೋಸಿ ಪ್ರತಿಯೊಂದರ ಮೇಲೂ ಒಂದೇ ಒಂದು ಸಲ ಬೆರಳಾಡಿಸಿ, ಕಣ್ಣು ಮುಚ್ಚಿ, ಧರ್ಮೋಪದೇಶ ಕೇಳುವವನಂತೆ ತಲೆ ತೂಗಿದ. ನಿಜ ಹೇಳಬೇಕೆಂದರೆ ಎಲ್ಲವೂ ಅವನಿಗೆ ‘ಠಣ್’ ಎಂದೇ ಕೇಳಿಸಿದವು. ಮೂರನೆಯ ಠಣ್ ಎರಡನೆಯದಕ್ಕಿಂತ ಬೇರೆ ಎನ್ನಲು ಅವನಲ್ಲಿ ಧೈರ್ಯವಿರಲಿಲ್ಲ, ಒಂದೇ ಎನ್ನಲೂ ಇರಲಿಲ್ಲ.

ಅಷ್ಟರಲ್ಲಿ ಹಿಂದೆ ನಿಂತಿದ್ದವರಿಗೆ ತಾಳ್ಮೆ ಮುಗಿಯಿತು.

“ಎರಡನೇದು ತಗೊಳ್ಳಯ್ಯ, ಅದೇ ಚೆನ್ನಾಗಿತ್ತು,” ಎಂದಳು ಬೂಟು ಕೊಳ್ಳಲು ಬಂದಿದ್ದ ಒಬ್ಬ ಪೊಲೀಸಮ್ಮ.

“ರೇಷ್ಮೇದು ಒಳ್ಳೇದಲ್ವಾ? ನನಗಂತೂ ನಿದ್ದೆ ಬಂತು,” ಎಂದಳು ಕುಕ್ಕರು ಹಿಡಿದವಳು.

“ನಿದ್ದೆ ಬಂದ್ರೆ ಹಾಡೋದ್ಯಾರು? ಕೆಂಚಂದೇ ಇರಲಿ. ತೀರಾ ದಪ್ಪ ಬೇಡ, ನಡುತರದ್ದು ಕೊಡಿ,” ಎಂದು ಪೊಲೀಸಮ್ಮ ಕೈ ಎತ್ತಿಸಿಯೇಬಿಟ್ಟಳು. ಹೀಗೆ ವಾಯ್‌ಲೆವು ಊರಿನ ನಾದವನ್ನು, ಆ ಊರನ್ನೇ ನೋಡದವರು, ಬಹುಮತದಿಂದ ಆರಿಸಿದರು.

ಎಮೋಸಿ ದೋಣಿ ಇಳಿಯುವಾಗ ದಡದಲ್ಲಿ ಅರ್ಧ ಊರು ನಿಂತಿತ್ತು. ಅಪೊರೋಸ ಯಂಗೋನ ಬೇರಿನ ಕಟ್ಟು ಹಿಡಿದು, ದೂರದಿಂದ ಬಂದ ತಂತಿಗಳನ್ನು ಉದ್ದೇಶಿಸಿ ಸ್ವಾಗತ ಭಾಷಣ ಮಾಡಿದ. ಅಲ್ಲಿಂದ ಮನೆಯಂಗಳಕ್ಕೆ ಬಂದು, ಪೊಟ್ಟಣ ಬಿಡಿಸಿ, ಎಲ್ಲರ ಕಣ್ಣೆದುರೇ ತಂತಿ ಕಟ್ಟಿ, ಶ್ರುತಿ ಮಾಡಿ, ಎಮೋಸಿ ಬಾರಿಸಿದ.

ಝಣ್ಣ್!

ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು, ಯಾರನ್ನೂ ನೋಡದೆ, ಬೇರೆ ಮನೆಗೆ ಹೋಯಿತು. ಹೊಚ್ಚಹೊಸ ತಂತಿ ಹಾಗೆಯೇ. ಯಾವ ಬಗೆಯದಾದರೂ ಮೊದಮೊದಲು ಹುಚ್ಚು ಹುರುಪು. ಆದರೆ ಊರಿನಲ್ಲಿ ಹೊಚ್ಚಹೊಸ ತಂತಿಯನ್ನು ಕೇಳಿ ಅಭ್ಯಾಸವಿದ್ದವರು ಯಾರು? ತುಂಡಾಗುವವರೆಗೆ ಬಾರಿಸಿ, ತುಂಡಾದದ್ದನ್ನು ಗಂಟು ಹಾಕಿ ಬಾರಿಸಿದವರೇ ಎಲ್ಲರೂ.

ಊರಿಗೆಲ್ಲ ಅಜ್ಜಿಯಾದ ಬೂಬು ಸಲೋತೆ ಗೋಡೆಗೊರಗಿ ಕೂತಿದ್ದಳು. ಹಾಡಿನ ವಿಷಯದಲ್ಲಿ ಅವಳ ಮಾತೇ ಕೊನೆ. ಅವಳು ಕಣ್ಣು ತೆರೆಯದೆಯೇ ಹೇಳಿದಳು:

“ಯಾರೋ ಚಮಚ ಬೀಳಿಸಿದ್ರು. ಎತ್ತಿಡಿ.”

“ಭಾವಾ,” ಎಂದ ಪೆನಾಯಾ, ಕಣ್ಣಲ್ಲಿ ನೀರು ತುಂಬಿಕೊಂಡು, “ಮೊದಲು ಬರೀ ಮೇಕೆ ಓಡ್ತಿತ್ತು. ಈಗ ಅದರ ಕೊರಳಿಗೆ ಗಂಟೆ ಬೇರೆ ಕಟ್ಟಿದ್ದೀಯ.”

ಅಪೊರೋಸ ಆಗಲೇ ಸೇತರೇಕಿಯನ್ನು ಕಣ್ಣಲ್ಲೇ ಹುಡುಕುತ್ತಿದ್ದ. ಎಮೋಸಿಯ ಬಾಯಿ ಮತ್ತೆ ತಾನಾಗಿ ತೆರೆದುಕೊಂಡಿತು.

“ಇದು ಹಸೀ ತಂತಿ. ಹಣ್ಣಾಗ್ಬೇಕು! ಎಷ್ಟು ಜನರ ಕೈ ಸೋಕುತ್ತೋ ಅಷ್ಟು ಬೆಚ್ಚಗಾಗುತ್ತೆ. ಪೊಟ್ಟಣದ ಮೇಲೇ ಬರೆದಿದೆ.”

ಈ ಸಿದ್ಧಾಂತವನ್ನು ಎಮೋಸಿ ಮೊದಲ ಬಾರಿಗೆ ಕೇಳಿದ್ದು ಆ ಕ್ಷಣದಲ್ಲಿ, ತನ್ನದೇ ಬಾಯಿಂದ. ಪೊಟ್ಟಣದ ಮೇಲೆ ಏನು ಬರೆದಿತ್ತೆಂದು ಯಾರೂ ನೋಡಲಿಲ್ಲ. ಬೂಬು ಸಲೋತೆ ಅದನ್ನು ಆಗಲೇ ನಶ್ಯದ ಹಾಗೆ ಮೂಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಅಪೊರೋಸ ಮನೆಮನೆಗೂ ಸರದಿ ಗೊತ್ತುಮಾಡಿದ. ಗಿಟಾರಿನ ತೀರ್ಥಯಾತ್ರೆ ಶುರುವಾಯಿತು. ಮೊದಲ ಮನೆಯಲ್ಲಿ ಮೀನು ಹುರಿಯುತ್ತಿದ್ದರು. ಹುರಿದ ಕೈಯಲ್ಲೇ ಆರು ತಂತಿಗಳನ್ನೂ ನೀವಿದರು. ಎರಡನೆಯ ಮನೆಯಲ್ಲಿ ತೆಂಗಿನಕಾಯಿ ತುರಿದ ಕೈ. ಮೂರನೆಯ ಮನೆಯ ಕೂಸಿಗೆ ಹಲ್ಲು ಬರುತ್ತಿತ್ತು, ದಪ್ಪ ತಂತಿಯನ್ನು ಅದಕ್ಕೇ ಬಿಟ್ಟರು. ಪಾದ್ರಿಗಳು ಧರ್ಮೋಪದೇಶ ಬರೆಯುವಾಗ ಬೆವರಿದ ಅಂಗೈಯನ್ನು ಧಾರೆಯೆರೆದರು. ಕೆಸುವಿನ ಗದ್ದೆಯಿಂದ ಬಂದವರು ಕೈ ತೊಳೆಯುವ ಮುನ್ನ ಒಮ್ಮೆ ಬಾರಿಸಿ, ಆಮೇಲೆ ತೊಳೆಯುವ ಅಗತ್ಯವಿಲ್ಲವೆಂದು ಕಂಡುಕೊಂಡರು. ಅಪೊರೋಸ ದಿನವೂ ಬಂದು, ಹಲಸು ಬಲಿತಿದೆಯೇ ಎಂದು ಒತ್ತಿ ನೋಡುವವನಂತೆ ಹೆಬ್ಬೆರಳಿನಿಂದ ತಂತಿಗಳನ್ನು ಒತ್ತಿ ನೋಡಿ, “ಇನ್ನೂ ಎರಡು ಮನೆ ಆಗ್ಬೇಕು,” ಎನ್ನುತ್ತಿದ್ದ.

ಆಶ್ಚರ್ಯವೆಂದರೆ, ಅದು ಹಣ್ಣಾಯಿತು. ಕಿರುಚುತ್ತಿದ್ದ ತಂತಿಗಳು ಮೆಲ್ಲಗೆ ತಗ್ಗಿದವು, ದನಿಯಲ್ಲಿ ಸ್ವಲ್ಪ ದಪ್ಪ ಬಂತು, ಒರಟು ಅಂಚು ಕರಗಿತು. ಒಂದು ಸಂಜೆ ಬೂಬು ಸಲೋತೆ ಆಲಿಸಿ, “ಪರವಾಗಿಲ್ಲ. ಚಮಚ ಎತ್ತಿಟ್ರು,” ಎಂದಳು. ಯಾವ ಮನೆಯ ಕೈಗುಣದಿಂದ ಹಣ್ಣಾಯಿತೆಂದು ಮೀನಿನ ಮನೆಯವರಿಗೂ ತೆಂಗಿನಕಾಯಿಯ ಮನೆಯವರಿಗೂ ಮಾತು ನಿಂತುಹೋಯಿತು. ಎಮೋಸಿ ಅಂಚೆ ಕಿಟಕಿಯಲ್ಲಿ ಕೂತು, ಸ್ಟಾಂಪು ಕೊಳ್ಳಲು ಬಂದವರಿಗೆ ತಂತಿ ಮಾಗಿಸುವ ಶಾಸ್ತ್ರ ವಿವರಿಸತೊಡಗಿದ. ತನ್ನ ಸುಳ್ಳನ್ನು ಊರಿನಲ್ಲಿ ಕಡೆಯದಾಗಿ ನಂಬಿದವನು ಅವನೇ. ಆದರೆ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ.

ಒಂದೇ ತೊಂದರೆ, ವಾಸನೆ. ಎಮೋಸಿ ಗಿಟಾರು ಹೆಗಲಿಗೇರಿಸಿ ನಡೆದರೆ ಊರಿನ ಬೆಕ್ಕುಗಳೆಲ್ಲ ಬಾಲ ಎತ್ತಿಕೊಂಡು ಮೆರವಣಿಗೆಯಲ್ಲಿ ಹಿಂದೆ ಬರುತ್ತಿದ್ದವು.

ಉನೈಸಿ ಅದನ್ನು ನೋಡಿಯೂ ನೋಡದಂತೆ ಇದ್ದಳು. ಅವಳಿಗೆ ಅತಿಥಿಗಳ ಊಟೋಪಚಾರದ ಹೊಣೆ. ಅಣ್ಣನೊಂದಿಗೆ ತಂಗಿ ಎದುರೆದುರು ಮಾತಾಡುವ ಪದ್ಧತಿಯಿಲ್ಲವಾದ್ದರಿಂದ, ಪೆನಾಯಾ ಅಂಗಳಕ್ಕೆ ಬಂದಾಗಲೆಲ್ಲ ಅವಳು ಗಂಡನಿಗೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದಳು: “ನಿನ್ನ ಭಾವನಿಗೆ ಹೇಳು, ಅವರ ತಂಡದಿಂದ ಊರಿಗೇ ನಾತ ಅಂತ.” ಪೆನಾಯಾ ಕಂಬಕ್ಕೆ ಹೇಳುತ್ತಿದ್ದ: “ನಾತ ನಮ್ಮದಲ್ಲ, ಅವಳ ಗಂಡಂದು.”

ಅತಿಥಿಗಳು ಬರುವ ದಿನ ಬೆಳಿಗ್ಗೆ ಎಮೋಸಿ ತಲೆಗೂದಲು ಕತ್ತರಿಸಿಕೊಂಡು ಮನೆಗೆ ಬಂದ. ಅಂಗಳದ ಬಟ್ಟೆ ಹಗ್ಗದ ಮೇಲೆ, ಅವನ ಹಬ್ಬದ ಸುಲುವಿನ ಪಕ್ಕದಲ್ಲಿ, ಆರು ತಂತಿಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಒಲೆಯ ಮೇಲಿನ ಪಾತ್ರೆಯಲ್ಲಿ ಕಂದು ಬಣ್ಣದ ನೀರು ಇನ್ನೂ ಕುದಿಯುತ್ತಿತ್ತು.

“ಏನೇ ಮಾಡಿದೆ ಇದು?”

“ಕುದಿಸಿದೆ. ಸೋಡಾ ಪುಡಿ ಹಾಕಿ.”

“ತಂತೀನಾ!”

“ಮತ್ತೇನು? ಆ ವಾಸನೆ ಇಟ್ಕೊಂಡು ನೀನು ಹೋಗಿ ಕೂತಿದ್ರೆ, ಊಟಕ್ಕೆ ಬಂದೋರು ಮೊದಲು ನಿನ್ನ ಗಿಟಾರಿಗೆ ಉಪ್ಪು ಹಾಕ್ತಿದ್ರು.”

“ಅಷ್ಟು ಜನ ಸೇರಿ ಹಣ್ಣು ಮಾಡಿದ್ದು ಹೋಯ್ತಲ್ಲೇ!”

“ಹಣ್ಣಾಗಿರಲಿಲ್ಲ. ಕೊಳೆತಿತ್ತು,” ಎಂದು ಉನೈಸಿ ಪಾತ್ರೆಯ ನೀರು ಚೆಲ್ಲಿದಳು. ಬೆಕ್ಕುಗಳು ನಿರಾಶೆಯಿಂದ ಚದುರಿದವು.

ಎಮೋಸಿ ತಂತಿಗಳನ್ನು ಮತ್ತೆ ಕಟ್ಟಿ, ಒಂದು ಸಲ ಮೆಲ್ಲಗೆ ಮುಟ್ಟಿ ನೋಡಿದ. ಕುದಿದ ತಂತಿಗಳು ಅಂಗಡಿಯಿಂದ ಬಂದ ದಿನಕ್ಕಿಂತಲೂ ಉತ್ಸಾಹದಲ್ಲಿದ್ದವು. ಮೈಗೆ ಹತ್ತಿದ್ದ ಊರೆಲ್ಲ ತೊಳೆದುಹೋಗಿತ್ತು. ಒಂದು ಕ್ಷಣ ಅವನಿಗೆ ಮರಗೆಣಸಿನ ಹೊಲಕ್ಕೆ ಓಡಿಹೋಗಬೇಕೆನ್ನಿಸಿತು. ಆದರೆ ಹಂದಿಗಳನ್ನೆಲ್ಲ ಆ ಕಡೆಯ ಕಾಡಿನಲ್ಲೇ ಕಟ್ಟಿದ್ದರು. ಅವುಗಳ ಮುಂದೆಯೂ ಮುಖ ತೋರಿಸುವ ಹಾಗಿರಲಿಲ್ಲ.

ನವಾಟುಲೋವಾದವರು ದೋಣಿಯಿಂದ ಇಳಿದರು. ಮುಂದಾಳು ಕಿನಿವಿಲಿಯಮೆ ಬಾಗಿಲಿನಷ್ಟು ಅಗಲದ ಮನುಷ್ಯ. ಹೊಸ ಸಭಾಮಂದಿರದ ಹೊಸ್ತಿಲಲ್ಲಿ ನಿಂತು, ಕಂಬಗಳನ್ನು ನೋಡಿ, “ಓಹೋ, ಹಂದಿಗಳಿಗೆ ಚೆನ್ನಾಗೇ ಕಟ್ಟಿಸಿದ್ದೀರಿ. ಮನುಷ್ಯರಿಗೆ ಯಾವಾಗ ಕಟ್ಟಿಸ್ತೀರಿ?” ಎಂದ. ವಾಯ್‌ಲೆವು ಜನ ಸಂತೋಷದಿಂದ ಕೇಕೆ ಹಾಕಿದರು. ಇಷ್ಟು ಹೊಟ್ಟೆ ತುಂಬ ಬೈಸಿಕೊಂಡು ಎಷ್ಟು ಕಾಲವಾಗಿತ್ತು!

ಬೋಗುಣಿ ಇಟ್ಟರು. ಹಾಡುಗಾರರು ಕೂತರು. ಪೆನಾಯಾ ಎಮೋಸಿಗೆ ಕಣ್ಸನ್ನೆ ಮಾಡಿದ. ಎಮೋಸಿ ಕಣ್ಣು ಮುಚ್ಚಿ ಬಾರಿಸಿದ.

ಝಣ್ಣ್ಣ್!

ತಗಡಿನ ಮಾಡು ಅದನ್ನು ಹಿಡಿದು ಇನ್ನೊಮ್ಮೆ ಹೇಳಿತು.

“ನಿಲ್ಸಿ, ನಿಲ್ಸಿ!” ಕಿನಿವಿಲಿಯಮೆ ಕಿವಿ ಮುಚ್ಚಿಕೊಂಡು ಹೊಟ್ಟೆ ಕುಣಿಸಿ ನಕ್ಕ. “ನಿಮ್ಮೂರಲ್ಲಿ ಪಾತ್ರೆ ತೊಳೆಯೋದನ್ನ ಹಾಡು ಅಂತಾರಾ? ಯಾರಪ್ಪ ಇವನು, ನಿಮ್ಮ ಮುಸುರೆ ತಿಕ್ಕೋನಾ?”

ಈ ಬಾರಿ ಯಾರೂ ನಗಲಿಲ್ಲ. ಅಪೊರೋಸ ಕೈಸನ್ನೆಯಿಂದ ಸೇತರೇಕಿಯನ್ನು ಕರೆದ. ಎಮೋಸಿಗೆ ಅರ್ಥವಾಯಿತು. ಅವನು ಗಿಟಾರು ಹಿಡಿದು ಏಳಲು ನೋಡಿದ; ಕಾಲು ಜೋಮು ಹಿಡಿದಿತ್ತು. ಅವಮಾನದಿಂದ ಎದ್ದು ಹೋಗುವುದಕ್ಕೂ ಒಂದು ಯೋಗ್ಯತೆ ಬೇಕು, 'ಅದೂ ನನ್ನಲ್ಲಿಲ್ಲ' ಎಂದುಕೊಂಡು ಅರ್ಧ ಎದ್ದವನು ಅಲ್ಲೇ ಕುಸಿದ.

ಆಗ ಬಾಯಿ ತೆರೆದವನು ಪೆನಾಯಾ. ಅವನ ಮುಖ ಕೆಂಪಾಗಿತ್ತು. ತನ್ನ ಭಾವನನ್ನು ಹಂಗಿಸಲು ಲೋಕದಲ್ಲಿ ಯಾರಿಗೆ ಹಕ್ಕಿದೆಯೆಂಬ ವಿಷಯದಲ್ಲಿ ಅವನಿಗೆ ಖಚಿತ ಅಭಿಪ್ರಾಯವಿತ್ತು, ಮತ್ತು ಆ ಪಟ್ಟಿಯಲ್ಲಿ ಒಂದೇ ಹೆಸರಿತ್ತು.

“ಅಯ್ಯಾ ನವಾಟುಲೋವಾದವರೇ, ನಿಮ್ಮ ಕಿವೀಲಿ ಇನ್ನೂ ಸಮುದ್ರದ ನೀರಿದೆ, ಬಗ್ಗಿ ಸುರೀರಿ. ಬೆಚ್ಚನೆ ನಾದ ಎಲ್ಲ ಹಳೇ ಕಾಲದ ಮುದುಕರಿಗೆ. ಇದು ತೊಳೆದ ನಾದ! ನ್ಯೂಜಿಲೆಂಡಿನ ತಂತಿ. ಸುವಾದಲ್ಲಿ ಪೊಲೀಸರೇ ನಿಂತು ಆರಿಸಿಕೊಟ್ಟಿದ್ದು. ಇಡೀ ಊರು ಕೈಯಿಟ್ಟು ಹಣ್ಣು ಮಾಡಿ, ಹಣ್ಣಾದದ್ದನ್ನ ಕುದಿಸಿ, ಬಿಸಿಲಿಗೆ ಒಣಗಿಸಿದ್ದೀವಿ. ಇಂಥ ತಂತಿ ಈ ದ್ವೀಪಗಳಲ್ಲೇ ಇನ್ನೊಂದಿಲ್ಲ. ಇದನ್ನ ಬಾರಿಸೋ ಕೈ ನಮ್ಮ ಭಾವಂದೊಂದೇ!”

ಎಮೋಸಿ ಬೆರಗಾಗಿ ಭಾವನನ್ನು ನೋಡಿದ. ಸುಳ್ಳಿನಲ್ಲೂ ತಾನು ಎಷ್ಟು ಸಣ್ಣ ಕಸುಬುದಾರ ಎಂದು ಅವನಿಗೆ ಮನವರಿಕೆಯಾಯಿತು. ಊರಿನವರೆಲ್ಲ ‘ಹೌದು, ಹೌದು’ ಎಂದು ಗೋಣು ಹಾಕಿದರು. ಮೀನಿನ ಮನೆಯವರೂ ತೆಂಗಿನಕಾಯಿಯ ಮನೆಯವರೂ ಒಟ್ಟಿಗೇ ಹೌದೆಂದರು.

ಮಾತು ಚೆನ್ನಾಗಿಯೇ ನಾಟಿತು. ಅಗತ್ಯಕ್ಕಿಂತ ಚೆನ್ನಾಗಿ.

“ಹಾಗಾದ್ರೆ ಅದು ನಮಗೇ ಬೇಕು,” ಎಂದು ಕಿನಿವಿಲಿಯಮೆ ಎದ್ದು ಬಂದ.

ಇಲ್ಲ ಎನ್ನುವಂತಿಲ್ಲ. ಅವನು ಎಮೋಸಿಯ ಮುಂದೆ ಮಂಡಿಯೂರಿ, ಗೂಟಗಳನ್ನು ಸಡಿಲಿಸಿ, ಆರು ತಂತಿಗಳನ್ನೂ ಒಂದೊಂದಾಗಿ ಬಿಚ್ಚಿ, ಸುರುಳಿ ಸುತ್ತಿ ಜೇಬಿಗಿಟ್ಟ. ಗಿಟಾರನ್ನು ತಿರುಗಿಸಿ ನೋಡಿದ, ಅದರ ಹೊಟ್ಟೆಯೊಳಗೆ ಮೂಗಿಟ್ಟು ಒಮ್ಮೆ ಮೂಸಿದ, ಹಿಂದಕ್ಕೆ ಜರುಗಿದ. “ಇದು ನಿಮ್ಮಲ್ಲೇ ಇರಲಿ,” ಎಂದು ಎಮೋಸಿಯ ತೊಡೆಯ ಮೇಲೆ ವಾಪಸ್ಸಿಟ್ಟ. ಅದೇ ಹೊತ್ತಿಗೆ ಮಾವನ ಸನ್ನೆ ನೋಡಿ ಸೇತರೇಕಿ ಕರೀ ಗಿಟಾರು ಹಿಡಿದು, ಕೂದಲಿಗೆ ಎಣ್ಣೆ ಹಚ್ಚಿಕೊಂಡು, ಒಳಗೆ ಬಂದ. ಕಿನಿವಿಲಿಯಮೆ ಅದರಲ್ಲಿ ತನ್ನ ಮುಖ ನೋಡಿಕೊಂಡು ಮೀಸೆ ತೀಡಿದ.

“ಇದೂ ಇರ್ಲಿ.”

ಸೇತರೇಕಿಯ ಎರಡೂ ಕೈ ಇನ್ನೂ ಗಿಟಾರು ಹಿಡಿದ ಭಂಗಿಯಲ್ಲೇ ಇದ್ದವು. ಗಿಟಾರು ಮಾತ್ರ ಅತಿಥಿಗಳ ಚಾಪೆ ಸೇರಿತ್ತು. ಸಭಾಮಂದಿರದಲ್ಲಿ ಈಗ ಉಳಿದದ್ದು ತಂತಿಯಿಲ್ಲದ ಒಂದು ಗಿಟಾರು, ಅದನ್ನು ತಬ್ಬಿಕೊಂಡು ಕೂತ ಎಮೋಸಿ. ಊರಿಗೆ ಊರೇ ನೆಲ ನೋಡುತ್ತಿತ್ತು. ಹಾಡಿಲ್ಲದ ಸತ್ಕಾರವೆಂದರೆ ನವಾಟುಲೋವಾದವರು ಮೊಮ್ಮಕ್ಕಳ ಕಾಲದವರೆಗೂ ಹೇಳಿಕೊಂಡು ನಗುತ್ತಾರೆ.

ಏನು ಮಾಡುವುದೆಂದು ತಿಳಿಯದೆ ಯಂಗೋನ ಹಂಚುವವನು ಚಿಪ್ಪು ತುಂಬಿ ಎದುರಿಗೆ ಸಿಕ್ಕವನ ಮುಂದೆ ಹಿಡಿದ. ಸಿಕ್ಕವನು ಎಮೋಸಿ. ಚಿಪ್ಪು ತೆಗೆದುಕೊಳ್ಳುವ ಮುನ್ನ ಎರಡೂ ಅಂಗೈ ಬೊಗಸೆಯಂತೆ ಮಾಡಿ ಚಪ್ಪಾಳೆ ತಟ್ಟಬೇಕು. ಎಡಗೈಯಲ್ಲಿ ಗಿಟಾರಿತ್ತು, ಅದನ್ನು ಕೆಳಗಿಡಬೇಕೆಂಬ ಬುದ್ಧಿ ಅವನಿಗೆ ಆ ಗಳಿಗೆಯಲ್ಲಿ ಇರಲಿಲ್ಲ. ಬಲಗೈ ಅಭ್ಯಾಸಬಲದಿಂದ ಬೊಗಸೆಯಾಗಿ ಬಂದು ಗಿಟಾರಿನ ಎದೆಯ ಮೇಲೆ ಬಿತ್ತು.

ಬುಮ್ಮ್.

ಎಮೋಸಿ ಗಾಬರಿಯಾಗಿ ಗಟಗಟ ಕುಡಿದು, ಚಿಪ್ಪು ವಾಪಸ್ಸು ಕೊಟ್ಟು, ಕುಡಿದ ಮೇಲಿನ ಚಪ್ಪಾಳೆಯನ್ನೂ ಅಲ್ಲೇ ತಟ್ಟಿದ.

ಬುಮ್ಮ್. ಬುಮ್ಮ್. ಬುಮ್ಮ್.

ದುಂಡಗಿನ, ಆಳವಾದ ಸದ್ದು ಚಾಪೆಗಳ ಕೆಳಗಿಂದ ಎದ್ದು ಬಂದ ಹಾಗೆ ಬಂತು. ಗೋಡೆಗೊರಗಿದ್ದ ಬೂಬು ಸಲೋತೆ ಕಣ್ಣು ತೆರೆದಳು.

“ಇದು. ಹ್ಞಾಂ, ಇದು! ಬೆಚ್ಚಗೆ, ತುಂಬಿಕೊಂಡು… ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಮಗಾ? ಬಾರ್ಸು. ನಿಲ್ಲಿಸಬೇಡ.”

ಎಮೋಸಿ ನಿಲ್ಲಿಸಲಿಲ್ಲ. ನಿಲ್ಲಿಸುವುದು ಹೇಗೆಂದೂ ಅವನಿಗೆ ಹೊಳೆಯಲಿಲ್ಲ. ಪೆನಾಯಾ ಒಂದು ಕ್ಷಣ ಬೆಪ್ಪಾಗಿ ನೋಡಿ, ಆ ಬಡಿತದ ಮೇಲೆ ಹಾಡು ಎತ್ತಿದ. ಎರಡನೆಯ ದನಿ ಸೇರಿತು, ಮೂರನೆಯದು ಸೇರಿತು. ಎರಡನೆಯ ಹಾಡಿಗೆ ಅತಿಥಿಗಳ ಕಡೆಯ ಹೆಂಗಸರು ಎದ್ದು ಕುಣಿದರು. ಮೂರನೆಯದಕ್ಕೆ ಕಿನಿವಿಲಿಯಮೆಯ ಹೊಟ್ಟೆ ತಾನಾಗಿಯೇ ತಾಳ ಹಾಕತೊಡಗಿತು. ಹಾಡು ಮುಗಿದಾಗ ಅವನು ಜೇಬಿನ ತಂತಿಗಳನ್ನು ಮುಟ್ಟಿ ನೋಡಿಕೊಂಡು, ಗಂಟಲು ಸರಿಮಾಡಿಕೊಂಡ.

“ಆ ಗಿಟಾರು ಕೂಡ—”

“ನೀನು ಮೂಸಿ ವಾಪಸ್ ಕೊಟ್ಟಾಯ್ತು,” ಬೂಬು ಸಲೋತೆ ಕೂತಲ್ಲಿಂದಲೇ ಹೇಳಿದಳು. “ಮೂಸಿ ಬಿಟ್ಟದ್ದನ್ನ ಮತ್ತೆ ಕೇಳೋ ಹಾಗಿಲ್ಲ.”

ಹಾಗೊಂದು ಕಟ್ಟಳೆ ಇದೆಯೋ ಇಲ್ಲವೋ ಯಾರಿಗೂ ತಿಳಿಯದು. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ, ಕಿನಿವಿಲಿಯಮೆ ಕೂತುಕೊಂಡ.

ಅಪೊರೋಸ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟ. “ಬೋಗುಣಿ ಪಕ್ಕದ ಜಾಗ ಎಮೋಸಿಯದೇ. ಅವನು ಇರೋ ತನಕ. ಒಂದೇ ಷರತ್ತು: ಆ ಗಿಟಾರಿಗೆ ಇನ್ನು ಯಾವತ್ತೂ ತಂತಿ ಹಾಕಬಾರದು.”

ಎಮೋಸಿ ವಿನಯದಿಂದ ತಲೆಬಾಗಿ ಒಪ್ಪಿಕೊಂಡ. ಜೋಮು ಬಿಟ್ಟಿದ್ದ ಕಾಲನ್ನು ಮಡಚಿ ಚಾಪೆಯ ಮೇಲೆ ಗಟ್ಟಿಯಾಗಿ ಕೂತ. ಮುಂದಿನ ಹಾಡಿಗೆ ಮುನ್ನ, ಬರಿಯ ಗೂಟಗಳನ್ನು ಒಂದೊಂದಾಗಿ ತಿರುವಿ, ಕಿವಿಗೊಟ್ಟು ಆಲಿಸಿ, ಶ್ರುತಿ ಮಾಡಿಕೊಳ್ಳತೊಡಗಿದ. ಇಡೀ ಸಭೆ ಗೌರವದಿಂದ ಕಾಯಿತು. ಯಾರೂ ನಗಲಿಲ್ಲ.

“ಮೂರನೇದು ಇನ್ನೊಂಚೂರು ಏರಿಸು, ಭಾವ,” ಎಂದ ಪೆನಾಯಾ.

ಎಮೋಸಿ ಏರಿಸಿದ.